ಬಂದೂಕಿಗೆ ಹಾಕಿದ ಎಣ್ಣೆ

ರಾಣೇಬೆನ್ನೂರಿನ ಯೂಸುಫಸಾಬನ ಬಂದೂಕು ರಿಪೇರಿ ಅಂಗಡಿಯಲ್ಲಿ ಮೇಜಿನ ಮೇಲೆ ತೆಪ್ಪಗೆ ಬಿದ್ದಿದ್ದ ಆ ರೈಫಲ್ಲು ಎಂಟು ತಿಂಗಳ ಹಿಂದೆ ಒಬ್ಬನ ಕಾಲು ತಿಂದಿತ್ತು. ಅದರ ಮಾಲೀಕ ಪ್ರಭುಲಿಂಗಪ್ಪ, ಫೌಜಿನಿಂದ ನಿವೃತ್ತನಾದ ಹವಾಲ್ದಾರ, ಎದುರಿನ ಸ್ಟೂಲಿನ ಮೇಲೆ ಕೂತಿದ್ದ. ಕೇಸು ರಾಜಿಯಾಗಿ ಬಂದೂಕು ಅವನ ಕೈಗೆ ವಾಪಸು ಬಂದದ್ದು ಹಿಂದಿನ ವಾರ.

ಸ್ವಂತ ಬಂದೂಕಿದ್ದ ಮಾಜಿ ಸೈನಿಕನೆಂದೇ ಅವನಿಗೆ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಕಾವಲು ಕೆಲಸ ಸಿಕ್ಕಿತ್ತು. ಹೆಂಡತಿಯ ತಮ್ಮ ಕೊಟ್ರೇಶ ಅಲ್ಲೇ ಚೀಲ ತೂಗುತ್ತಿದ್ದ. ೨೦೦೬ರ ಜನವರಿಯ ಒಂದು ಮುಂಜಾನೆ, ಫೌಜಿನಲ್ಲಿ ಕಲಿಸಿದಂತೆ ನಳಿಕೆಯನ್ನು ನೆಲಕ್ಕೆ ತಿರುಗಿಸಿ, ಗುಂಡು ತುಂಬಿ ಪ್ರಭುಲಿಂಗಪ್ಪ ಅದನ್ನು ಒಳಗೆ ತಳ್ಳುವ ಬೋಲ್ಟ್ ಮುಚ್ಚಿದ. ಮುಚ್ಚಿದ್ದೇ ತಡ, ಢಂ ಎಂದಿತು. ಗುಂಡು ಫರಸಿ ಕಲ್ಲಿಗೆ ಬಡಿದು, ಜಾರಿ, ಚೀಲಕ್ಕೆ ಬಗ್ಗಿದ್ದ ಕೊಟ್ರೇಶನ ಮೊಣಕಾಲು ಹೊಕ್ಕಿತು. ಹುಬ್ಬಳ್ಳಿಯಲ್ಲಿ ಕಾಲು ತೆಗೆದರು.

"ನನ್ನ ಬೆರಳು ಟ್ರಿಗರಿನ ಹತ್ರಾನೂ ಇರಲಿಲ್ಲ" ಎಂದು ಪ್ರಭುಲಿಂಗಪ್ಪ ಹೇಳಿದ್ದೇ ಹೇಳಿದ್ದು. ಬಂದೂಕು ತಾನಾಗಿ ಹಾರುತ್ತದೆಯೇ ಎಂದು ಅವನೂರು ಕುಪ್ಪೇಲೂರಿನ ಜನ ಹಿಂದಿನಿಂದ ನಕ್ಕರು. ನಗುವುದಕ್ಕೇನು, ಕಾಲು ಅವರದಲ್ಲವಲ್ಲ. ನಂಬಿದವಳು ಒಬ್ಬಳೇ, ಹೆಂಡತಿ ಮುತ್ತವ್ವ. "ಮಾವ ತಪ್ಪಾತು ಅಂತ ಒಂದ ಮಾತು ಅಂದ್ರ ಸಾಕಕ್ಕಾ" ಎಂದು ಕೊಟ್ರೇಶ ಅಂಗಲಾಚಿದಾಗ, "ಮಾಡದ ತಪ್ಪು ಅವರ್ಯಾಕ ಒಪ್ಪಬೇಕು?" ಎಂದು ತಮ್ಮನ ಮುಖಕ್ಕೇ ಹೇಳಿ ಎದ್ದು ಬಂದಿದ್ದಳು. ಆ ವರ್ಷ ಪಂಚಮಿಗೆ ತವರೂರು ಮೇಡ್ಲೇರಿಯಿಂದ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳು ತವರಿನ ಉಂಡಿ ಹಂಚುತ್ತಿದ್ದರೆ ಮುತ್ತವ್ವ ಬಾಗಿಲು ಮುಚ್ಚಿಕೊಂಡು ಅತ್ತಳು. ಅದನ್ನು ನೋಡಲಾಗದೆ, ಬಂದೂಕು ಕೈಗೆ ಬಂದದ್ದೇ ಪ್ರಭುಲಿಂಗಪ್ಪ ಯೂಸುಫಸಾಬನ ಬಳಿಗೆ ಓಡಿಬಂದಿದ್ದ.

ನಳಿಕೆ, ಬೋಲ್ಟ್ ಒರೆಸುವುದಷ್ಟೇ ಸಿಪಾಯಿಯ ಪಾಲು, ಟ್ರಿಗರಿನ ಒಳಗನ್ನು ಬಿಚ್ಚುವವರು ಬೇರೆ ಎಂಬುದು ಫೌಜಿನ ರೂಢಿ. ಅದೇ ರೂಢಿಯಲ್ಲಿ ಅವನು ಊರಿಗೆ ಬಂದ ಮೇಲೂ ಅದಕ್ಕೆ ಕೈ ಹಚ್ಚಿರಲಿಲ್ಲ. ಯೂಸುಫಸಾಬ ಸ್ಕ್ರೂ ಬಿಚ್ಚಿ, ಕಟ್ಟಿಗೆಯ ಹಿಡಿಕೆ ಬೇರೆ ಮಾಡಿ, ಟ್ರಿಗರಿನ ಭಾಗವನ್ನು ಬೆಳಕಿಗೆ ಹಿಡಿದ. ಹಿಡಿದವನಿಗೆ ಪಿತ್ತ ನೆತ್ತಿಗೇರಿತು.

"ಏನ್ರಿ ಹವಾಲ್ದಾರ್ರ, ಇದು ಬಂದೂಕೋ ಒಗ್ಗರಣಿ ಸೌಟೋ?"

ಒಳಗೆಲ್ಲ ಹಳದಿ ಅಂಟು. ಅದರಲ್ಲಿ ಮೆಣಸಿನಕಾಯಿಯ ಕೆಂಪು ಧೂಳು, ಬಿಳಿ ಬೂದಿ. ಯೂಸುಫಸಾಬ ಉಗುರಿನಿಂದ ಕೆರೆದು ಮೂಸಿದ.

"ಕುಸುಬಿ ಎಣ್ಣಿ. ಒಣಗಿದ್ರ ಅರಗಾಗತೈತಿ ಇದು. ಈ ಕೊಕ್ಕಿ ಐತಲ್ರಿ, ಇದು ಮ್ಯಾಲೆದ್ದು ಗುಂಡಿಗೆ ಬಡಿಯೋ ಪಿನ್ನು ಹಿಡೀಬೇಕು. ಅಂಟಿಗೆ ಸಿಕ್ಕು ಎದ್ದಿಲ್ಲ. ನೀವು ಬೋಲ್ಟ್ ಮುಚ್ಚೀರಿ, ಹಾರೇತಿ. ನಿಮ್ಮ ಬೆರಳಿಂದೇನೂ ತಪ್ಪಿಲ್ರಿ."

ಪ್ರಭುಲಿಂಗಪ್ಪನ ಕಣ್ಣು ತುಂಬಿ ಬಂತು. "ಇದನ್ನ ಕೊಟ್ರೇಶನ ಮುಂದ ಹೇಳತೀರೇನ್ರಿ?"

"ಖರೇ ಹೇಳಾಕ ನಂಗೇನು? ಆದ್ರ ಅಡಗಿ ಎಣ್ಣಿ ಇದರಾಗ ಯಾರು ಹಾಕಿದ್ರು?"

ಆಗ ನೆನಪಾಯಿತು. ಹಿಂದಿನ ಮಹಾನವಮಿ. ದೇವರ ಜಗುಲಿಯ ಮುಂದೆ ಬಂದೂಕಿಗೆ ವಿಭೂತಿ, ಕುಂಕುಮ, ಚೆಂಡು ಹೂವು. ಟ್ರಿಗರ್ ಭಾಳ ಬಿಗಿ ಎಂದು ಅವನೇ ಗೊಣಗಿದ್ದ. ಮುತ್ತವ್ವ ಒಳಗಿನಿಂದ ಎಣ್ಣೆಯ ಬಟ್ಟಲು ತಂದು, ಬತ್ತಿ ಅದ್ದಿ, ಸಂದಿಯೊಳಗೆ ಹನಿ ಹನಿಯಾಗಿ ಬಿಟ್ಟು, "ಇನ್ನ ಹಗುರಾಗತೈತಿ ತೊಗೋರಿ" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಪೂಜೆಯ ಎಣ್ಣೆ ಒರೆಸಬಾರದೆಂದು ಹಾಗೇ ಬಿಟ್ಟಿದ್ದ.

ತಮ್ಮನ ಕಾಲು ಹೋದದ್ದು ತನ್ನ ಕೈಯಿಂದ ಎಂದು ತಿಳಿದರೆ ಅವಳು ಬದುಕುತ್ತಾಳೆಯೇ? ಒಂದು ಗಳಿಗೆ ಅವಳ ಮೇಲೆ ವಿಪರೀತ ಸಿಟ್ಟೂ ಬಂತು. ಆಮೇಲೆ ಸಿಟ್ಟು ತನ್ನ ಮೇಲೇ ತಿರುಗಿತು.

ಯೂಸುಫಸಾಬ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಬ್ರಷ್ಷಿನಿಂದ ತಿಕ್ಕಿ, ಧೋತರದ ಚೂರಿನಿಂದ ಒರೆಸಿ ಒಣಗಿಸಿದ. ಬಂದೂಕಿನ ಎಣ್ಣೆಯನ್ನು ಸೂಜಿಯ ತುದಿಯಿಂದ ಕೊಕ್ಕಿಗೆ ಮುಟ್ಟಿಸಿದ. "ಹೊಳದ್ರ ಸಾಕು, ಹನೀಬಾರ್ದು" ಎಂದ. ಬರಿದಾದ ಬಂದೂಕಿನ ಬೋಲ್ಟ್ ಎಳೆದು ಮುಚ್ಚಿದ. ಈಗ ಕೊಕ್ಕೆ ಟಕ್ಕನೆ ಹಿಡಿಯಿತು.

"ಯೂಸುಫಸಾಬ್ರ, ಇದು ನಮ್ಮಿಬ್ಬರೊಳಗ ಇರಲ್ರಿ."

ಯೂಸುಫಸಾಬ ಅವನ ಮುಖ ನೋಡಿದ. ಏನು ತಿಳಿಯಿತೋ, ಹೂಂ ಎಂದು ಕೆಂಪಾದ ಸೀಮೆಎಣ್ಣೆಯನ್ನು ಗಟಾರಕ್ಕೆ ಸುರಿದ.

ಕುಪ್ಪೇಲೂರಿನ ಮನೆಯಲ್ಲಿ ಮುತ್ತವ್ವ ಒಳ್ಳೆಯ ಸೀರೆ ಉಟ್ಟು ತಯಾರಾಗಿಯೇ ನಿಂತಿದ್ದಳು.

"ಯೂಸುಫಸಾಬ್ರು ಬಂದೂಕಿಂದ ತಪ್ಪು ಅಂದ್ರಿಲ್ಲ? ಲಗೂ ನಡೀರಿ, ಈಗ ಮೇಡ್ಲೇರಿಗೆ ಹೋಗೂನು. ಕೊಟ್ರೇಶಗ ಹೇಳೂನು."

"ಬಂದೂಕು ನೆಟ್ಟಗ ಐತಿ."

"ಮತ್ತ?"

"ನನ್ನ ಬೆರಳ ತಾಗಿತ್ತು."

ಮುತ್ತವ್ವ ಕಂಬ ಹಿಡಿದುಕೊಂಡಳು. "ಇಷ್ಟ ದಿನ ನನ್ನ ತಮ್ಮನ್ನ ಸುಳ್ಳ ಮಾಡಿದ್ರಿ? ಅದೂ ನನ್ನ ಬಾಯಿಲೇ ಮಾಡಿಸಿದ್ರಿ?"

ಅಲ್ಲ ಎನ್ನಲು ಪ್ರಭುಲಿಂಗಪ್ಪನ ತುಟಿ ತೆರೆಯಿತು. ಕಂಬ ಹಿಡಿದಿದ್ದ ಅವಳ ಕೈ ಕಾಣಿಸಿತು. "ಹೌದು" ಎಂದ.

ಅವಳು ಅಳಲಿಲ್ಲ. ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದಳು. ಅವನು ಹಿಂದೆಯೇ ಚಪ್ಪಲಿ ಹುಡುಕತೊಡಗಿದ.

"ನೀವು ಬರಬ್ಯಾಡ್ರಿ," ಎಂದಳು ಮುತ್ತವ್ವ. "ಅವನ ಉಳಿದಿದ್ದೊಂದು ಕಾಲು ಹಿಡಕೊಂಡು ನಾನ ಬೇಡಕೋತೇನಿ. ನಿಮ್ಮ ಸಲುವಾಗಿ ಅಲ್ಲ. ನಿಮ್ಮನ್ನ ನಂಬಿದ್ನಲ್ಲಾ, ಅದಕ್ಕ."