ಎದುರು ಮಗ್ಗದ ನಾದಿನಿ

ಮರುದಿನ ಅತ್ತಿಗೆಗೆ ಕಿವಿ ಪರೀಕ್ಷೆ. ಕಿವಿ ಮಂದವಾದವರನ್ನು ಮಗ್ಗದಿಂದ ಎಬ್ಬಿಸಿ ಬಟ್ಟೆ ಮಡಿಸುವ ಗೋದಾಮಿಗೆ ಅಟ್ಟುತ್ತಾರೆಂದು ಗಿರಣಿಯ ಮೇಸ್ತ್ರಿ ಆಗಲೇ ಡಂಗುರ ಸಾರಿದ್ದ. ಮದುವೆಯಾದ ವರ್ಷ ಹಿಡಿದ ಮಗ್ಗ. ಗಂಡ ಹೋದ ಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದೂ ಅದೇ. ಅದನ್ನು ಬಿಡುವುದನ್ನು ನೆನೆದರೇ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಸದ್ದಿನಲ್ಲಿ ಇರಬೇಡಿ, ಕಿವಿಗೆ ಕಡ್ಡಿ ಹಾಕಬೇಡಿ ಎಂದು ನರ್ಸ್ ಹೇಳಿದ್ದಳು. ಅದಕ್ಕೇ ಅತ್ತಿಗೆ ರಜೆ ಹಾಕಿ ಮನೆಯಲ್ಲಿ ಕೂತಿದ್ದಳು. ಸುಮ್ಮನೆ ಕೂತರೆ ಮಗ್ಗವೇ ತಲೆಯೊಳಗೆ ಬಂದಂತೆ ಗುಂಯ್‌ಗುಡುತ್ತಿತ್ತು.

ಎದುರು ಮಗ್ಗದಲ್ಲಿ ನೇಯುವ ನಾದಿನಿಯೂ ಜೊತೆಗೆ ರಜೆ ಹಾಕಿದ್ದಳು. ಗಿರಣಿಯ ಆ ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಗಂಟಲು ಹರಿದುಕೊಂಡರೂ ಏನೂ ಕೇಳದು. ದನಿಯಿಲ್ಲದೆ ತುಟಿ ಆಡಿಸಿಯೇ ಇಬ್ಬರೂ ಇಷ್ಟು ವರ್ಷ ಊರವರ ಸಂಸಾರವನ್ನೆಲ್ಲ ಜಾಲಾಡಿದ್ದರು.

"ನನ್ನ ಕಿವಿಗೆ ಸೂಜಿ ಬಿದ್ರೂ ಕೇಳತ್ತೆ ಅತ್ತಿಗೆ. ನಿಮ್ಮನ್ನ ಪಾಸ್ ಮಾಡಿಸೋದು ನನ್ನ ಜವಾಬ್ದಾರಿ. ಹಿಂದೆ ನಿಂತು ಒಂದೊಂದೇ ಮಾತು ಹೇಳ್ತೀನಿ, ನೀವು ತಿರುಗಿ ಹೇಳಿ."

ಅತ್ತಿಗೆ ಬೀರುವಿಗೆ ಮುಖ ಮಾಡಿ ಕೂತಳು. ಕಣ್ಣು ಮುಚ್ಚಬೇಕಿತ್ತು. ಆದರೆ ಭಯ ಯಾರ ಮಾತು ಕೇಳುತ್ತದೆ? ಬೀರುವಿನ ಕನ್ನಡಿಯಲ್ಲಿ ನಾದಿನಿಯ ತುಟಿ ಕಾಣುತ್ತಿತ್ತು. ಕದ್ದು ನೋಡಿದಳು.

"ಬಾಗಿಲು," ಎಂದಳು ಅತ್ತಿಗೆ. "ಬಿಂದಿಗೆ... ಕತ್ತರಿ... ಥೂ, ಮೇಸ್ತ್ರಿ ಮೂತಿ!"

ಒಂದೂ ತಪ್ಪಲಿಲ್ಲ. ನಾದಿನಿ ಹಿಂದಿನಿಂದ ಬಂದು ತಬ್ಬಿಕೊಂಡಳು. ಅತ್ತಿಗೆಗೆ ನಾಚಿಕೆಯಾಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆಯ ಮಗಳು ಇಬ್ಬರ ಎದುರು ಬಂದಳು.

"ಅಮ್ಮ, ಆಗಿಂದ ನೀನೊಬ್ಬಳೇ ಒದರ್ತಿದ್ದೀಯ. ಅತ್ತೆ ದನಿ ಬರಲೇ ಇಲ್ಲ. ಬರೀ ತುಟಿ ಆಡ್ತಿತ್ತು."

"ನಾನು ಗಟ್ಟಿಯಾಗೇ ಹೇಳಿದ್ನಲ್ಲೇ!" ಎಂದಳು ನಾದಿನಿ.

"ಇಲ್ಲ ಅತ್ತೆ."

ನಾದಿನಿ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಮಗ್ಗದ ಅಭ್ಯಾಸ ಮನೆಗೂ ಬಂದಿತ್ತು. ಆದರೆ ತನ್ನ ದನಿ ಹೊರಟಿಲ್ಲವೆಂಬುದು ಅವಳಿಗೇ ತಿಳಿದಿರಲಿಲ್ಲ. ಹಾಗಾದರೆ ಇವಳ ಕಿವಿಯೂ ಮಂದವೇ ಎಂದು ಅತ್ತಿಗೆಗೆ ದಿಗಿಲಾಯಿತು. ಮುಂದಿನ ವಾರ ಪರೀಕ್ಷೆಗೆ ಇವಳ ಸರದಿ.

"ಗಂಟಲ ಮೇಲೆ ಕೈ ಇಟ್ಕೊಂಡು ಹೇಳು," ಎಂದಳು ಅತ್ತಿಗೆ. "ನಾನೂ ಕದ್ದು ನೋಡಿದ್ದೆ ಕಣೇ. ಈ ಸಲ ನೋಡಲ್ಲ."

ಕನ್ನಡಿಗೆ ಬೆನ್ನು ಮಾಡಿ ಕಣ್ಣು ಮುಚ್ಚಿದಳು. ತಲೆಯೊಳಗಿನ ಮಗ್ಗ ಓಡುತ್ತಲೇ ಇತ್ತು. ಕಾದಳು. ಇವಳ್ಯಾಕೆ ಇನ್ನೂ ಶುರು ಮಾಡಲಿಲ್ಲ ಎಂದು ಕಣ್ಣು ತೆರೆದರೆ, ನಾದಿನಿ ಎದುರಲ್ಲೇ ಕೂತು ಕಣ್ಣೀರು ಸುರಿಸುತ್ತಿದ್ದಳು.

"ಅತ್ತೆ ಮೂರು ಸಲ ಕೂಗಿದ್ರಮ್ಮ," ಎಂದಳು ಮಗಳು.

ಅತ್ತಿಗೆ ಸೆರಗಿನಿಂದ ನಾದಿನಿಯ ಮುಖ ಒರೆಸಿದಳು. ಆಮೇಲೆ ಮಗಳಿಗೆ ಕೇಳಿಸದ ಹಾಗೆ, ಮಗ್ಗದ ಮುಂದೆ ಆಡಿಸುತ್ತಿದ್ದಂತೆಯೇ ತುಟಿ ಆಡಿಸಿದಳು:

"ಗೋದಾಮಲ್ಲೂ ಎದುರುಬದುರೇ ಕೂರೋಣ ಬಿಡು."