ಗೆರೆ ದಾಟಿ ಬಂದವನು

“ಮಾವಾ, ಇವತ್ತೊಂದು ದಿನ ಆದ್ರೂ ಒಳ್ಳೇ ಬಟ್ಟೆ ಹಾಕ್ಕೊಂಡು ಬರ್ಬಾರ್ದಿತ್ತಾ? ಪ್ರಧಾನಿ ಬರ್ತಾರೆ, ಆಸ್ಟ್ರೇಲಿಯಾದೋರು ಬಂದಿದಾರೆ. ನೀವು ನೋಡಿದ್ರೆ ಈ ತೇಪೆ ಲುಂಗಿ!”

ಸೆಲುಕ ತನ್ನ ಸೊಂಟದ ಚೌಕಳಿ ಲುಂಗಿಯನ್ನು ಒಮ್ಮೆ ನೋಡಿಕೊಂಡ. “ಮೇಲೆ ಬಿಳಿ ಅಂಗಿ ಇದೆಯಲ್ಲೋ. ಪ್ರಧಾನಿ ನನ್ನ ಮುಖ ನೋಡಿದ್ರೆ ಸಾಕು.”

ಅಕ್ಕನ ಮಗ ಪನಪಾ ತಲೆ ಚಚ್ಚಿಕೊಂಡು ಹೊಸ ಹಡಗಿನ ಕಡೆ ಓಡಿದ. ಅವನು ಈಗ ಅದರ ಕಮಾಂಡರ್. ಧಕ್ಕೆಯ ಒಂದು ಬದಿಗೆ ಅದು ನಿಂತಿತ್ತು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಇನ್ನೊಂದು ಬದಿಗೆ ಹಳೆಯದು. ಕೊಟ್ಟವರೇ ಅದನ್ನು ವಾಪಸು ಆಸ್ಟ್ರೇಲಿಯಾಕ್ಕೆ ಒಯ್ದು ಒಡೆದು ಹಾಕುತ್ತಾರಂತೆ. ರಾಜಧಾನಿ ಫುನಾಫುಟಿಯ ಅರ್ಧ ಊರು ಅಲ್ಲಿ ಸೇರಿತ್ತು. ಸೈನ್ಯ ಅಂತ ಒಂದಿಲ್ಲದ ಪುಟ್ಟ ದ್ವೀಪದೇಶ ನಮ್ಮದು. ನೌಕಾಪಡೆ ಅನ್ನಿ, ಗಡಿಕಾವಲು ಅನ್ನಿ, ಇದ್ದದ್ದು ಅದೊಂದೇ ಹಡಗು, ಅದರಲ್ಲೊಂದಿಷ್ಟು ಪೊಲೀಸರು. ಹೊರದ್ವೀಪಗಳಿಂದ ಬಸುರಿಯರನ್ನು ಆಸ್ಪತ್ರೆಗೆ ತಂದದ್ದೂ ಅದೇ, ಹೆಣಗಳನ್ನು ಅವರವರ ಊರಿಗೆ ಮುಟ್ಟಿಸಿದ್ದೂ ಅದೇ. ಅದರಲ್ಲೇ ತಲೆ ನರೆಸಿಕೊಂಡವನು ಸೆಲುಕ. ಕೊನೆಯ ಹಗ್ಗ ಅವನ ಕೈಯಿಂದಲೇ ಬಿಚ್ಚಿಸಬೇಕೆಂದು ಮನೆಯಿಂದ ಕರೆಸಿದ್ದರು.

ಭಾಷಣ ಶುರುವಾಯಿತು. ಹಗ್ಗ ಸುತ್ತಿದ ಕಬ್ಬಿಣದ ಗೂಟದ ಮೇಲೆ ಅಂಗೈ ಊರಿ ಸೆಲುಕ ನಿಂತ. ಗೂಟ ಬಿಸಿಲಿಗೆ ಕಾದಿತ್ತು. ಭಾಷಣ ಕಿವಿಗೆ ಬೀಳುತ್ತಿತ್ತು, ಮನಸ್ಸು ಮಾತ್ರ ಎಲ್ಲೋ ಹಿಂದಕ್ಕೆ ಹೋಗಿಬಿಟ್ಟಿತ್ತು.

ಆಗ ಅವನಿಗಿನ್ನೂ ಮದುವೆಯಾಗಿರಲಿಲ್ಲ. ಹಡಗಿನ ರಾಡಾರು ಕೆಟ್ಟು, ಅದರ ಬಿಡಿಭಾಗ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾಯುತ್ತಿದ್ದ ಕಾಲ. ದುರ್ಬೀನು ಹಿಡಿದು ಮುಂದೆ ಕಾವಲು ನಿಂತವನು ಅವನೊಬ್ಬನೇ. ನಮ್ಮ ಕಡಲಿನ ಗಡಿಗೆರೆಯಿಂದ ಬಹಳ ಒಳಗೆ ಬಿಳಿ ದೋಣಿಯೊಂದು ಆರಾಮಾಗಿ ಗಾಳ ಎಳೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಇವರನ್ನು ಕಂಡದ್ದೇ ತಡ, ದೋಣಿಯವರು ಗಾಳದ ಹಗ್ಗ ಕಡಿದು ಓಟ ಕಿತ್ತರು. ಬೆನ್ನಟ್ಟಿ ಹಿಡಿಯುವಷ್ಟರಲ್ಲಿ ದೋಣಿ ಗೆರೆಯ ಆಚೆಗೆ ದಾಟಿತ್ತು. ತಕರಾರು ಹುಟ್ಟಿದ್ದೇ ಅಲ್ಲಿ. “ನಾವು ಒಳಗೆ ಬಂದೇ ಇರಲಿಲ್ಲ” ಎಂದು ದೋಣಿಯ ಕ್ಯಾಪ್ಟನ್ ಪಟ್ಟು ಹಿಡಿದ. ಒಳಗಿದ್ದದ್ದನ್ನು ಕಂಡದ್ದು ಸೆಲುಕನ ಎರಡು ಕಣ್ಣು ಮಾತ್ರ.

ದೋಣಿಯಲ್ಲಿದ್ದ ಅಷ್ಟು ಜನಕ್ಕೆ ನಮ್ಮ ಜೈಲಿನಲ್ಲಿ ಜಾಗವೆಲ್ಲಿ? ಕ್ಯಾಪ್ಟನ್ನನ್ನು ಒಳಗಿಟ್ಟು, ಉಳಿದವರನ್ನು ಚರ್ಚಿನ ಹಿರಿಯರು ಮನೆಮನೆಗೆ ಹಂಚಿದರು. ಹಿಡಿದು ತಂದವನ ಮನೆಗೇ ಒಬ್ಬ ಬಂದ. ದಾರ್ಸೊನೊ, ಜಾವಾದವನು, ಸಣಕಲು ಮೈ, ಗಾಳಕ್ಕೆ ಮೀನು ಸಿಕ್ಕಿಸಿ ಸಿಕ್ಕಿಸಿ ಬೆರಳೆಲ್ಲ ಗಾಯ.

ಸೆಲುಕನ ತಾಯಿ ತಿಲಿಯಾ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. “ಹಿಡ್ಕೊಂಡು ಬರೋನು ನೀನು, ಅನ್ನ ಹಾಕೋಳು ನಾನು. ಚೆನ್ನಾಗಿದೆ ಕಣಯ್ಯಾ ನಿಮ್ಮ ಸರ್ಕಾರ!” ಅಂದಳು. ಬಾಯಿ ಬೈಯುತ್ತಿತ್ತು, ಕೈ ಆಗಲೇ ಒಲೆಯ ಮೇಲಿದ್ದ ಜೀಗುಜ್ಜೆ ತಿರುವುತ್ತಿತ್ತು. ಅವನು ಹಂದಿ ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ಅವನಿಗೇ ಅಂತ ಬೇರೆ ಪಾತ್ರೆ ತೆಗೆದಿಟ್ಟಳು. ಆ ಪಾತ್ರೆಯಲ್ಲಿ ಮೀನು, ತೆಂಗಿನ ಹಾಲು, ಕೆಸುವಿನ ಗೆಡ್ಡೆ. ಬೇರೆ ಯಾರಾದರೂ ಅದನ್ನು ಮುಟ್ಟಿದರೆ ಕೈಗೆ ಸೌಟಿನ ಪೆಟ್ಟು ಬೀಳುತ್ತಿತ್ತು.

“ಅಷ್ಟು ಮುದ್ದು ಯಾಕವ್ವಾ? ಕಳ್ಳ ಅವನು,” ಎಂದು ಸೆಲುಕ ರೇಗಿಸಿದರೆ ಅವಳ ಮುಖ ಬಾಡುತ್ತಿತ್ತು.

“ಹಡಗು ಕೆಲಸಕ್ಕೆ ಅಂತ ಹೋದ ನಿಮ್ಮಣ್ಣ ಯಾವ ಬಂದರಲ್ಲಿ ಇದಾನೋ ಯಾರಿಗೆ ಗೊತ್ತು. ಅವನಿಗೂ ಯಾವಳೋ ಒಬ್ಬಳು ಒಂದು ತುತ್ತು ಹಾಕಿರ್ತಾಳೆ. ಆ ಋಣ ಇಲ್ಲಿ ತೀರಿಸ್ತಿದೀನಿ, ಸುಮ್ನಿರು.”

ದಾರ್ಸೊನೊ ಬೇಗ ನಮ್ಮ ಮಾತು ಕಲಿತ. ಮೊದಲು ಕಲಿತದ್ದು ‘ಅಮ್ಮ’, ಆಮೇಲೆ ‘ಸಾಕು’. ಎರಡನೆಯದನ್ನು ತಿಲಿಯಾ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬೆಳಿಗ್ಗೆ ಅವನು ತೆಂಗಿನ ಮರ ಹತ್ತಿ ನೀರಾ ಇಳಿಸುತ್ತಿದ್ದ. ಸಂಜೆ ಹುಡುಗರ ಜೊತೆ ವಿಮಾನಪಟ್ಟಿಯ ಮೇಲೆ ವಾಲಿಬಾಲ್ ಆಡುತ್ತಿದ್ದ. ಒಂದು ಸಂಜೆ ಆಟ ಬಿಟ್ಟು ಬಂದು ತಿಲಿಯಾಳ ಪಕ್ಕ ಕೂತು, ಹೆಂಡತಿಗೆ ದಿನ ತುಂಬುತ್ತಿದೆ, ಇದು ಚೊಚ್ಚಲು, ಅಂದ. ಅವತ್ತಿನಿಂದ ತಿಲಿಯಾಳಿಗೆ ಊಟ ಸೇರಲಿಲ್ಲ.

ಇತ್ತ ಆ ದೋಣಿ ಯಾವ ದೊಡ್ಡ ದೇಶಕ್ಕೆ ಸೇರಿತ್ತೋ ಆ ದೇಶ ತನ್ನ ರಾಯಭಾರಿಯನ್ನು ವಿಮಾನ ಹತ್ತಿಸಿ ಕಳಿಸಿತು. ನಮ್ಮ ವಿದೇಶಾಂಗ ಖಾತೆ ಅಂದರೆ ಅಂಚೆ ಕಚೇರಿಯ ಮೇಲಿನ ಒಂದು ಕೋಣೆ, ಒಂದು ಫ್ಯಾಕ್ಸ್ ಯಂತ್ರ, ಮತ್ತೆ ಮಂತ್ರಿ ನೆಲು. ಈ ನೆಲು ತಿಲಿಯಾಳ ಚಿಕ್ಕಮ್ಮನ ಮಗ. ವಿಚಾರಣೆಯ ಹಿಂದಿನ ಸಂಜೆ ಮೋಟಾರ್‌ಸೈಕಲ್ಲಿನಲ್ಲಿ ಬಂದು ಚಾಪೆಯ ಮೇಲೆ ಉಸ್ಸೆಂದು ಕೂತ.

“ಕೇಸು ಬಿಡಿ, ಆಸ್ಪತ್ರೆಗೆ ಕಟ್ಟಡ ಕಟ್ಟಿಸಿಕೊಡ್ತೀವಿ ಅಂತಾನೆ ರಾಯಭಾರಿ. ಬಿಟ್ರೆ ನಾಳೆಯಿಂದ ಕಂಡಕಂಡೋರೆಲ್ಲ ಬಂದು ನಮ್ಮ ಮೀನು ಬಳ್ಕೊಂಡು ಹೋಗ್ತಾರೆ. ಬಿಡದಿದ್ರೆ ಆಸ್ಪತ್ರೆ ಹೋಯ್ತು. ಅತ್ತ ದರಿ, ಇತ್ತ ಪುಲಿ.” ಸೆಲುಕನ ಮೊಣಕಾಲು ತಟ್ಟಿ ಹೇಳಿದ, “ಏನು ಹೇಳ್ಬೇಕು ಅಂತ ನಾನು ಹೇಳಲ್ಲ ಮಗಾ. ನೀನು ಕಂಡದ್ದೇ ಈ ದೇಶ ಕಂಡದ್ದು. ಅಷ್ಟೇ.”

ಅವನು ಹೋದ ಮೇಲೆ ತಿಲಿಯಾ ಮಗನ ಪಕ್ಕ ಬಂದಳು. “ಬಿಸಿಲಿತ್ತು, ಸರಿಯಾಗಿ ಕಾಣಿಸ್ಲಿಲ್ಲ ಅಂದ್ಬಿಡು. ಅಷ್ಟಂದ್ರೆ ನಾಡಿದ್ದು ಹುಡುಗ ಮನೆ ಸೇರ್ತಾನೆ.”

“ಏನವ್ವಾ ನೀನು! ನಾನು ಪೊಲೀಸು.”

“ನೀನು ಪೊಲೀಸು ಆಗೋಕೆ ಮುಂಚೆ ನನ್ನ ಮಗ. ಅಲ್ಲಿ ಅವಳು ಹೆರಿಗೆ ನೋವಲ್ಲಿ ಗಂಡನ ಹೆಸರು ಕೂಗ್ತಾ ಇರ್ತಾಳೆ ಕಣೋ. ನಿನ್ನ ಗೆರೆ ಎಲ್ಲಿದೆ? ನೀರಿನ ಮೇಲೆ ಯಾರು ಎಳೆದಿದಾರೆ ಅದನ್ನ? ತೋರ್ಸು ನೋಡೋಣ!”

ಮಾತಿಗೆ ಮಾತು ಬೆಳೆಯಿತು. ನಮ್ಮ ಮನೆಗಳಿಗೆ ಗೋಡೆಯೆಲ್ಲಿರುತ್ತದೆ. ಅತ್ತ ಚಾಪೆಯ ಮೇಲೆ ಮಲಗಿದ್ದ ದಾರ್ಸೊನೊ ಮಗ್ಗುಲು ಬದಲಿಸಿದ್ದು ಇಬ್ಬರಿಗೂ ಕೇಳಿಸಿತು.

ವಿಮಾನಪಟ್ಟಿಯ ಪಕ್ಕದ ಸಭಾಮನೆಯಲ್ಲಿ ವಿಚಾರಣೆ. ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತಿತ್ತು. ಮೇಜಿನ ಹಿಂದೆ ನ್ಯಾಯಾಧೀಶರು, ಪಕ್ಕದಲ್ಲಿ ಕೋಟು ಹಾಕಿ ಬೆವರುತ್ತಿದ್ದ ರಾಯಭಾರಿ. ಬೀಸಣಿಗೆ ಹಿಡಿದ ಹೆಂಗಸರ ನಡುವೆ ತಿಲಿಯಾ, ಅವಳ ಮಗ್ಗುಲಲ್ಲೇ ದಾರ್ಸೊನೊ.

“ದೋಣಿ ಮೊದಲು ಕಂಡಾಗ ಗೆರೆಯ ಒಳಗಿತ್ತೋ, ಹೊರಗಿತ್ತೋ?” ಎಂದು ನ್ಯಾಯಾಧೀಶರು ಕೇಳಿದರು.

ಸೆಲುಕ ಬಾಯಿ ತೆರೆದ. ತಾಯಿ ಬೀಸಣಿಗೆ ನಿಲ್ಲಿಸಿದ್ದು ಕಂಡಿತು. ಮುಂದಿನ ಸಾಲಿನಲ್ಲಿ ನೆಲು ನೆಲ ನೋಡುತ್ತಾ ಕೂತಿದ್ದ. “ಅವತ್ತು... ಬಿಸಿಲು ಬಹಳ ಇತ್ತು ಸ್ವಾಮಿ,” ಅಂದ. “ನೀರು ಕಣ್ಣಿಗೆ ಹೊಡೀತಿತ್ತು. ದೂರಾನೂ ಇತ್ತು...”

ರಾಯಭಾರಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡು ನಕ್ಕ. ಆ ನಗು ನೋಡಿ ಸೆಲುಕ ತಲೆ ತಗ್ಗಿಸಿದ. ಆದರೂ ಆಡಿದ ಮಾತು ಹಿಂದಕ್ಕೆ ತರಲು ನಾಲಿಗೆ ಏಳಲಿಲ್ಲ.

“ಒಳಗೆ.”

ಎಲ್ಲರೂ ತಿರುಗಿದರು. ದಾರ್ಸೊನೊ ಎದ್ದು ನಿಂತಿದ್ದ. “ಒಳಗೆ ನಾವು ಇತ್ತು. ತುಂಬ ಒಳಗೆ. ಗಾಳ ಹಾಕಿದ್ದು ಈ ಕೈ.” ಗಾಯದ ಬೆರಳುಗಳನ್ನು ಎತ್ತಿ ತೋರಿಸಿದ. “ಸೆಲುಕಣ್ಣ ನೋಡಿದ. ಅವನು ಸುಳ್ಳು ಹೇಳೋದು ಬೇಡ. ಅಮ್ಮನ ಮನೇಲಿ ಊಟ ಮಾಡಿ, ಅಮ್ಮನ ಮನೆಗೆ ಸುಳ್ಳು... ಇಲ್ಲ. ಆಗಲ್ಲ.”

ದೋಣಿಯ ಕ್ಯಾಪ್ಟನ್ ದಾರ್ಸೊನೊನ ಕಡೆ ಬೆರಳು ಚಾಚಿ ತನ್ನ ಭಾಷೆಯಲ್ಲಿ ಏನೋ ಅರಚಿದ. ಅದರ ಅರ್ಥ ಯಾರೂ ಕೇಳಬೇಕಾಗಿರಲಿಲ್ಲ. ಇನ್ನು ಆ ಬಂದರುಗಳಲ್ಲಿ ಈ ಹುಡುಗನನ್ನು ಯಾವ ದೋಣಿಗೂ ಹತ್ತಿಸುವುದಿಲ್ಲ ಅನ್ನುವುದು ಆ ಚಾಚಿದ ಬೆರಳಿನಲ್ಲೇ ಇತ್ತು. ಸೆಲುಕನ ಮುಖಕ್ಕೆ ರಕ್ತ ನುಗ್ಗಿತು. “ಹೌದು ಸ್ವಾಮಿ, ಒಳಗೇ ಇತ್ತು. ನಾನು ಕಣ್ಣಾರೆ ಕಂಡೆ,” ಎಂದ.

ತಿಲಿಯಾ ಸಭೆಯ ನಡುವೆಯೇ ಬೀಸಣಿಗೆಯಿಂದ ದಾರ್ಸೊನೊನ ಬೆನ್ನಿಗೆ ರಪರಪ ಬಾರಿಸಿದಳು. “ಹುಚ್ಚು ಮುಂಡೇದೇ! ನಿನ್ನನ್ನ ಮನೆ ಸೇರಿಸೋಣ ಅಂತ ನಾನು ಒದ್ದಾಡ್ತಿದ್ರೆ! ನಾನು ಹಾಕಿದ ಅನ್ನಾನೇ ನಿನಗೆ ಮುಳುವಾಯ್ತಲ್ಲೋ!” ಹೊಡೆದು ಸುಸ್ತಾಗಿ ಅವನ ತೋಳು ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅವನು ಏಟು ತಿಂದೂ ಪೆಚ್ಚುಪೆಚ್ಚಾಗಿ ನಗುತ್ತಿದ್ದ.

ದೊಡ್ಡ ದೇಶ ತಪ್ಪು ಒಪ್ಪಿಕೊಳ್ಳುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು, ಅಲ್ಲಿಯತನಕ ದೋಣಿಯವರಿಗೆ ಬಿಡುಗಡೆಯಿಲ್ಲ. ಒಂದು ಮಧ್ಯಾಹ್ನ ನೆಲು ಏದುಸಿರು ಬಿಡುತ್ತಾ ಓಡಿ ಬಂದ. ಅವಸರದಲ್ಲಿ ಮೋಟಾರ್‌ಸೈಕಲ್ಲನ್ನೂ ಮರೆತಿದ್ದ. ಕೈಯಲ್ಲಿ ಫ್ಯಾಕ್ಸಿನ ಹಾಳೆ. “ಅಕ್ಕಾ! ನಾಲ್ಕು ದೇಶ ಸುತ್ತಿ ಬಂದಿದೆ ಸುದ್ದಿ. ಹೆಣ್ಣು ಮಗು! ತಾಯಿ ಮಗು ಕ್ಷೇಮ!” ದಾರ್ಸೊನೊ ಆ ಹಾಳೆಯನ್ನು ಎದೆಗೊತ್ತಿಕೊಂಡು ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅವತ್ತು ತಿಲಿಯಾ ಅವನ ಪಾತ್ರೆಯಲ್ಲೇ ಎಲ್ಲರಿಗೂ ಅಡಿಗೆ ಮಾಡಿದಳು. ಮನೆಯಲ್ಲಿ ಯಾರೂ ಹಂದಿ ತಿನ್ನಲಿಲ್ಲ.

ಕೊನೆಗೂ ಬಿಡುಗಡೆಯಾಯಿತು. ಹಿಡಿದು ತಂದ ಹಡಗೇ ಆ ದೋಣಿಯನ್ನು ಗೆರೆಯವರೆಗೆ ಕಳಿಸಲು ಹೋಯಿತು. ಗೆರೆಯ ಹತ್ತಿರ ಎರಡೂ ನಿಂತವು. ತಿಲಿಯಾ ಕಟ್ಟಿಕೊಟ್ಟ ತೆಂಗಿನ ಗರಿಯ ಬುಟ್ಟಿಯನ್ನು ಸೆಲುಕ ಹಗ್ಗಕ್ಕೆ ಕಟ್ಟಿ ದಾಟಿಸಿದ. ಮಗುವಿಗೆ ಅಂತ ಹೆಣೆದ ಪುಟ್ಟ ಚಾಪೆಯೂ ಅದರಲ್ಲಿತ್ತು. ದಾರ್ಸೊನೊ ಎಲ್ಲ ತೆಗೆದುಕೊಂಡು, ಖಾಲಿ ಬುಟ್ಟಿ ನೋಡುತ್ತಾ ನಿಂತ. ಕೊಟ್ಟ ಮನೆಗೆ ಬುಟ್ಟಿ ಬರಿದಾಗಿ ಹೋಗಬಾರದು ಅನ್ನುವುದನ್ನು ತಿಲಿಯಾಳ ಅಡಿಗೆಮನೆಯಲ್ಲೇ ಕಲಿತಿದ್ದ. ಅತ್ತಿತ್ತ ನೋಡಿದ. ಅವನ ಹತ್ತಿರ ಏನಿತ್ತು? ಹೆಗಲ ಮೇಲಿದ್ದ ಚೌಕಳಿ ಲುಂಗಿಯನ್ನು ಮಡಿಸಿ ಬುಟ್ಟಿಯಲ್ಲಿಟ್ಟು ಕಳಿಸಿದ.

ಆಸ್ಪತ್ರೆಯ ಕಟ್ಟಡ ಬರಲಿಲ್ಲ. ದಾರ್ಸೊನೊನ ಸುದ್ದಿಯೂ ಬರಲಿಲ್ಲ. ಆದರೆ ಅವತ್ತಿನಿಂದ ಗಸ್ತು ಮುಗಿಸಿ ಹಡಗು ಧಕ್ಕೆಗೆ ಬರುವಾಗೆಲ್ಲ ತಿಲಿಯಾ ಬಂದು ನಿಂತಿರುತ್ತಿದ್ದಳು. “ಯಾರನ್ನಾದ್ರೂ ಹಿಡಿದ್ರೇನೋ?” ಅನ್ನುವಳು. ಇಲ್ಲವ್ವಾ ಅಂದರೆ, ಕೊನೆಯವನು ಇಳಿಯುವ ತನಕ ಕಾದು, ಸಪ್ಪಗೆ ಮನೆಗೆ ಹೋಗುವಳು. ಒಂದು ಭಾನುವಾರ ಚರ್ಚಿನಲ್ಲಿ, “ದೇವರೇ, ಒಂದು ಕಳ್ಳ ದೋಣಿ ಕಳಿಸಪ್ಪಾ” ಎಂದು ಗಟ್ಟಿಯಾಗಿಯೇ ಬೇಡಿಕೊಂಡಳು. ಮುಂದಿನ ಬೆಂಚಿನಿಂದ ನೆಲು ಕತ್ತು ತಿರುಗಿಸಿ, “ಮೆತ್ತಗೆ ಅಕ್ಕಾ, ನಾನಿನ್ನೂ ಮಂತ್ರಿ,” ಅಂದ. ನಗದವರೇ ಇಲ್ಲ. ಅವಳು ಮಾತ್ರ ನಗಲಿಲ್ಲ. ಸಾಯುವವರೆಗೂ ಆ ಲುಂಗಿ ಹರಿದಲ್ಲೆಲ್ಲ ಮೀನಿನ ದಾರದಿಂದ ತೇಪೆ ಹಾಕಿ ಹೊದ್ದಳು.

“ಮಾವಾ, ಹಗ್ಗ!”

ಪನಪಾ ಭುಜ ಅಲ್ಲಾಡಿಸಿದ. ಭಾಷಣ ಮುಗಿದಿತ್ತು, ಬ್ಯಾಂಡು ನುಡಿಯುತ್ತಿತ್ತು. ಸೆಲುಕ ಬಗ್ಗಿ ಗೂಟದಿಂದ ಹಗ್ಗ ಬಿಡಿಸಿದ. ಬಿಟ್ಟ ಹಗ್ಗ ನೀರಿಗೆ ಬಿದ್ದು ತೊಡೆಯವರೆಗೂ ನೀರು ಸಿಡಿಯಿತು. ಹಳೆಯ ಹಡಗು ಒಂದು ಸಲ ಕೂಗಿ, ಮೆಲ್ಲಗೆ ಧಕ್ಕೆಯಿಂದ ಸರಿಯಿತು. ಯಾರು ನೋಡಿದರೇನು ಎಂದು ಸೆಲುಕ ಅತ್ತೇಬಿಟ್ಟ.

“ಅಳ್ಬೇಡಿ ಮಾವಾ,” ಎಂದ ಪನಪಾ, ಹೊಸ ಹಡಗಿನ ಕಡೆ ಗದ್ದ ಎತ್ತಿ. “ಆ ರಾಡಾರು ನೋಡಿ. ಇನ್ಮೇಲೆ ಒಂದು ನೊಣಾನೂ ಕಣ್ತಪ್ಪಿಸಿ ಗೆರೆ ದಾಟೋ ಹಾಗಿಲ್ಲ.”

“ಒಳ್ಳೇದಾಯ್ತು,” ಎಂದ ಸೆಲುಕ. ಕಣ್ಣೊರೆಸಿಕೊಂಡು, “ಯಾರನ್ನಾದ್ರೂ ಹಿಡಿದ್ರೆ ಮೊದ್ಲು ಊಟ ಆಯ್ತಾ ಅಂತ ಕೇಳು,” ಅಂದ.

ಜನ ಕರಗಿದರು. ಬ್ಯಾಂಡಿನವರೂ ಕೊಳಲು ಕಹಳೆ ಕಟ್ಟಿಕೊಂಡು ಹೋದರು. ಹಡಗು ದ್ವೀಪದ ಸುತ್ತಲಿನ ಹವಳದ ಬಂಡೆಸಾಲಿನ ಕಂಡಿ ದಾಟಿ ಸಣ್ಣದಾಗುತ್ತಿತ್ತು. ಸೆಲುಕ ಒದ್ದೆಯಾದ ಲುಂಗಿಯ ಅಂಚು ಹಿಂಡಿದ, ತೇಪೆಯ ಹೊಲಿಗೆ ಬಿಚ್ಚದ ಹಾಗೆ ಮೆಲ್ಲಗೆ. ಆಮೇಲೆ ತಾಯಿ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ, ಕಡಲ ಕಡೆ ನೋಡುತ್ತಾ ನಿಂತ.