ಐದಕ್ಕೆ ಎರಡು

ಅಕ್ಕತಂಗಿಯರಿಬ್ಬರೂ ಪ್ರಾಂಶುಪಾಲೆಯರು. ತಂಗಿಯದು ಹೆಸರುವಾಸಿ ಕಾಲೇಜು, ಅಕ್ಕನದು ಸಣ್ಣದು. ಯಾವ ಕಾಲೇಜಿನ ಹೆಸರು ಹೇಗಿದೆ ಎಂದು ಪ್ರಾಂಶುಪಾಲರನ್ನೇ ಕೇಳಿ ರ‍್ಯಾಂಕ್ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಅವರ ಕಂಪ್ಯೂಟರಿಗೆ ಕಾಲೇಜುಗಳ ಪಟ್ಟಿ ಬರುತ್ತಿತ್ತು. ಒಂದೊಂದು ಕಾಲೇಜಿಗೂ ಐದಕ್ಕೆ ಇಷ್ಟು ಎಂದು ಅಂಕ ಒತ್ತಬೇಕು. ಹೋಗಿ ನೋಡಿದ್ದೀರಾ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತದೆ ಗಾದೆ. ಇವರದು ಕಾಣದಿದ್ದರೂ ಅಂಕ ಹಾಕು ಅನ್ನುವ ಶಾಸ್ತ್ರ. ಅಂತೆ ಕಂತೆಗಳ ಸಂತೆ, ಮತ್ತೇನು!

ಅಕ್ಕನ ಕಾಲೇಜಿನಲ್ಲಿ ಗೋಡೆಯ ಸುಣ್ಣ ಉದುರುತ್ತಿದ್ದುದು ನಿಜ. ಆದರೆ ಪ್ರಯೋಗಾಲಯದಲ್ಲಿ ಹುಡುಗಿಗೊಂದರಂತೆ ಸೂಕ್ಷ್ಮದರ್ಶಕವಿತ್ತು. ಪಾಠ ತಲೆಗೆ ಹತ್ತದವರನ್ನು ಅಕ್ಕ ಸಂಜೆ ಕೂರಿಸಿಕೊಂಡು ಮತ್ತೆ ಹೇಳಿಕೊಡುತ್ತಿದ್ದಳು. ಅದನ್ನೆಲ್ಲ ನೋಡಲು ಬಂದವರು ಯಾರು? ರ‍್ಯಾಂಕ್ ಇಳಿದಂತೆ ಸೇರುವವರೂ ಕಡಿಮೆಯಾದರು. ಇನ್ನೊಮ್ಮೆ ಇಳಿದರೆ ಬಾಗಿಲು ಹಾಕುವುದೇ ಸೈ ಎಂದಿತು ಆಡಳಿತ ಮಂಡಳಿ. ಈ ವರ್ಷವೂ ಇಳಿಯಿತು.

ತಂಗಿ ಓದಿದ್ದು ಇದೇ ಕಾಲೇಜಿನಲ್ಲಿ, ಅಕ್ಕನ ಕೈಯಲ್ಲೇ. ಮೊದಲೇ ಬಾಯಿಬಿಟ್ಟು ಕೇಳಲು ಅಕ್ಕನಿಗೆ ಸ್ವಾಭಿಮಾನ ಅಡ್ಡ ಬಂದಿತ್ತು. ಎಲ್ಲ ಮುಗಿದ ಮೇಲೆ ಫೋನ್ ಮಾಡಿದಳು.

"ನಮಗೆ ಎಷ್ಟು ಹಾಕಿದೆ?"

ತಂಗಿ ತಡವರಿಸಿದಳು. "ಎರಡು, ಅಕ್ಕಾ."

"ಇಲ್ಲೇ ಓದಿದವಳಲ್ವೇನೆ ನೀನು?"

"ಎಲ್ಲರೂ ಎರಡೇ ಹಾಕೋದು. ನಾನೊಬ್ಬಳೇ ಐದು ಹಾಕಿದ್ರೆ, ಅಕ್ಕನ ಕಾಲೇಜು ಅಂತ ಹಾಕಿದಳು ಅಂತಾರೆ. ಹೋಗಲಿ, ನೀನು ನಮಗೆ ಎಷ್ಟು ಹಾಕಿದೆ?"

"ಐದು."

"ಒಂದು ಸಲನಾದ್ರೂ ನಮ್ಮ ಕಾಲೇಜಿನ ಒಳಗೆ ಬಂದು ನೋಡಿದ್ದೀಯಾ?"

ಅಕ್ಕ ಒಮ್ಮೆಯೂ ಹೋಗಿರಲಿಲ್ಲ. ಎಲ್ಲರೂ ಐದು ಹಾಕುವ ಕಾಲೇಜಿಗೆ ಅವಳೂ ಹಾಕಿದ್ದಳು, ಅಷ್ಟೇ. ಹೆಸರೇ ಕೇಳದ ಸಣ್ಣಪುಟ್ಟ ಕಾಲೇಜುಗಳಿಗೆ ಕಣ್ಣುಮುಚ್ಚಿ ಎರಡು ಒತ್ತಿದ್ದೂ ನೆನಪಾಯಿತು. ಅಲ್ಲಿಯೂ ಯಾರೋ ಒಬ್ಬಳು ಸಂಜೆ ಕೂತು ಹೇಳಿಕೊಡುತ್ತಿದ್ದಳೋ ಏನೋ. ಅಕ್ಕ ಯಾರನ್ನು ಬೈಯುವುದೆಂದು ತಿಳಿಯದೆ ಫೋನ್ ಇಟ್ಟಳು.

ಕಾಲೇಜಿನ ಕೊನೆಯ ದಿನ ಪ್ರಯೋಗಾಲಯ ಖಾಲಿ ಮಾಡುತ್ತಿದ್ದಾಗ ಉಳಿದ ಹುಡುಗಿಯರು ಬಂದು, ಇನ್ನು ಎಲ್ಲಿಗೆ ಸೇರುವುದು ಎಂದು ಕೇಳಿದರು. ಅಕ್ಕ ತಂಗಿಯ ಕಾಲೇಜಿನ ಹೆಸರು ಹೇಳಿದಳು. ದಿನಾ ಸಂಜೆ ಉಳಿದುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಅಲ್ಲೇ ನಿಂತಳು.

"ಅರ್ಥ ಆಗದಿದ್ರೆ ಅಲ್ಲೂ ಕೂರಿಸಿಕೊಂಡು ಹೇಳಿಕೊಡ್ತಾರಾ, ಮೇಡಂ?"

ಅಕ್ಕ ಕೈಯಲ್ಲಿದ್ದ ಸೂಕ್ಷ್ಮದರ್ಶಕವನ್ನು ಡಬ್ಬಿಗೆ ಇಳಿಸಿದಳು.

"ಒಳ್ಳೇ ಹೆಸರಿದೆ ಕಣಮ್ಮಾ," ಎಂದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.